ಹೋಗಿಬಂದವರ ಬಾಣಂತನ

ಹೆತ್ತವರಿಗೆ ಬಾಣಂತನ ಉಂಟು, ತವರಿಗೆ ಹೋಗಿಬಂದವರಿಗೆ ಯಾಕಿಲ್ಲ ಎಂಬುದು ನನ್ನ ಬಹುಕಾಲದ ತಕರಾರು. ಕಿವಿಗೆ ಹತ್ತಿ, ತಲೆಗೆ ಬಿಸಿನೀರು, ಹೊತ್ತುಹೊತ್ತಿಗೆ ಕಾಳುಮೆಣಸಿನ ಸಾರು, "ನೀನು ಏಳ್ಬೇಡ" ಎನ್ನಲು ಪಕ್ಕದಲ್ಲೊಬ್ಬರು. ಇಷ್ಟು ಸಿಕ್ಕಿದ್ದರೆ ಜನವರಿಯಲ್ಲಿ ಸಾಗರದಿಂದ ಮ್ಯೂನಿಕ್‌ಗೆ ಮರಳುವ ನನ್ನಂಥವಳು ಬೇಗ ಚೇತರಿಸಿಕೊಳ್ಳುತ್ತಿದ್ದಳು. ಸಿಗುವುದು ಗಂಡನ ಒಂದು ವಾಕ್ಯ: "ಫ್ರಿಜ್ಜಲ್ಲಿ ಮೊಸರಿದೆ ನೋಡು."

ನೋಡಿದೆ. ಅವಧಿ ಮುಗಿದ ಮೊಸರು. ಬೇರೆ ತರೋಣವೆಂದರೆ ನಾನು ಬಂದಿಳಿದದ್ದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚುವುದು ಬರೀ ವಾಡಿಕೆಯಲ್ಲ, ಅದಕ್ಕೆ ಸಂವಿಧಾನದ ಬೆಂಬಲವಿದೆ. 1919ರ ವೈಮರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನು ದುಡಿಮೆಯಿಂದ ಬಿಡುವಿಗೂ ಮನಸ್ಸಿನ ಉನ್ನತಿಗೂ ಮೀಸಲಿಟ್ಟಿತು. ಮಹಾಯುದ್ಧ ಮುಗಿದು 1949ರಲ್ಲಿ ಹೊಸ ಸಂವಿಧಾನ ಬರೆದವರು ಹಳೆಯದರಲ್ಲಿ ಎಷ್ಟೋ ಬಿಟ್ಟರು, ಇದನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು. ದೊಡ್ಡ ರೈಲು ನಿಲ್ದಾಣಕ್ಕೆ ಹೋದರೆ ಅಂಗಡಿ ತೆರೆದಿರುತ್ತದೆ, ನಿಜ. ಆದರೆ ಹೊರಗೆ ಮೈನಸ್ ಐದು ಡಿಗ್ರಿ. ನಮ್ಮೂರಲ್ಲಿ ಬಂದ್ ದಿನವೂ ಶಟರ್ ಅರ್ಧ ಎತ್ತಿ ಕೆಳಗಿನಿಂದ ಹಾಲಿನ ಪ್ಯಾಕೆಟ್ ತಳ್ಳುವವರಿದ್ದಾರೆ. ಇಲ್ಲಿ ನಾನು ಮನಸ್ಸಿನ ಉನ್ನತಿಗಾಗಿ ಕರಿಕಾಫಿ ಕುಡಿದೆ.

ಹಾಲು ಮೊಸರಿನ ಕಷ್ಟ ಸೋಮವಾರಕ್ಕೆ ತೀರುತ್ತದೆ ಬಿಡಿ. ತೀರದ್ದು ಬೇರೆ. ಇಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ.

ಊರಲ್ಲಿ ಬಸ್‌ಸ್ಟ್ಯಾಂಡಿನಿಂದ ಮನೆ ಸೇರುವುದರೊಳಗೆ ಶುರುವಾಗುತ್ತದೆ: "ಯಾವಾಗ ಬಂದ್ಯೆ ಮಾರಾಯ್ತಿ? ಯಾವಾಗ ಹೊರಡೋದು?" ಎರಡೂ ಒಂದೇ ಉಸಿರಿನಲ್ಲಿ. ಮೊದಲನೆಯದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನನ್ನು ವಾಪಸ್ ವಿಮಾನ ಹತ್ತಿಸಿ ಆಗಿರುತ್ತದೆ. ಬಳಿಕ ಸಂಬಳ, ಸೈಟು, ತೂಕ. "ದಪ್ಪ ಆಗಿದೀಯಲ್ಲೇ" ಎಂದ ಸೋದರತ್ತೆಯೇ ಊಟಕ್ಕೆ ಕೂತಾಗ "ಏನೂ ತಿನ್ನಲ್ಲ, ಸೊರಗಿ ಹೋಗಿದೀಯ" ಎಂದು ಇನ್ನೊಂದು ಹೋಳಿಗೆ ಹಾಕುತ್ತಾರೆ. ಮೊದಮೊದಲು ರೋಸಿ ಹೋಗುತ್ತೇನೆ. ಜನಕ್ಕೆ ಖಾಸಗಿತನ ಅನ್ನೋದೇ ಗೊತ್ತಿಲ್ಲ ಎಂದು ಅಮ್ಮನ ಹತ್ತಿರ ಗೊಣಗುತ್ತೇನೆ. ಹೊರಡುವ ಹೊತ್ತಿಗೆ ನೋಡಿದರೆ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಪಕ್ಕದ ಮನೆ ಹುಡುಗಿಯನ್ನು ಅಂಗಳದಲ್ಲಿ ತಡೆದು "ಎಷ್ಟು ಕೊಡ್ತಾರೆ? ಹುಡುಗನ್ನ ನೋಡ್ತಿದಾರಾ?" ಎಂದು ವಿಚಾರಿಸುತ್ತಿರುವವಳು ನಾನೇ.

ಈ ಹದಕ್ಕೆ ಬಂದವಳನ್ನು ತಂದು ಮ್ಯೂನಿಕ್‌ನಲ್ಲಿ ಇಳಿಸಿದರೆ ಏನಾಗಬೇಕು? ವಿಮಾನ ನಿಲ್ದಾಣದಲ್ಲೇ ನಿರಾಸೆ. ಯುರೋಪಿನ ಒಕ್ಕೂಟದೊಳಗೆ ಭಾರತದಿಂದ ಹೋಗುವವರು ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಅಲ್ಲಿಗೆ ತುಪ್ಪ, ಪೇಡ ಎರಡಕ್ಕೂ ತವರಲ್ಲೇ ವಾಸ. ಹಣ್ಣು, ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಒಂದು ಎಸಳು ಕರಿಬೇವಿಗೂ ಬೇಕು. ವಿನಾಯಿತಿ ಐದಕ್ಕೆ ಮಾತ್ರ: ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ದುರಿಯನ್. ಕೊನೆಯದನ್ನು ಬಿಟ್ಟರೆ ಉಳಿದದ್ದನ್ನು ಬರೆಸಲು ಬ್ರಸೆಲ್ಸ್‌ನಲ್ಲಿ ನಮ್ಮ ಕಡೆಯ ಭಟ್ಟರು ಯಾರೋ ಕೂತಿದ್ದಾರೆಂದೇ ನನ್ನ ಗುಮಾನಿ. 2014ರ ಮೇ ತಿಂಗಳಲ್ಲಿ ಇದೇ ಒಕ್ಕೂಟ ಹಣ್ಣುನೊಣ ಮೊದಲಾದ ಕೀಟಗಳ ನೆಪದಲ್ಲಿ ನಮ್ಮ ಮಾವಿನಹಣ್ಣನ್ನು ತಡೆದಿತ್ತು, ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನೂ. ಮಾವನ್ನು ಮರುವರ್ಷವೇ ಒಳಗೆ ಬಿಟ್ಟುಕೊಂಡರು. ಹಾಗಲದ ವಿಷಯದಲ್ಲಿ ನಾನು ಈಗಲೂ ಒಕ್ಕೂಟದ ಪರ.

ನನ್ನ ಚಿಂತೆಯಿದ್ದದ್ದು ಮಜ್ಜಿಗೆ ಮೆಣಸಿನದು. ಉಪ್ಪು ಮಜ್ಜಿಗೆಯಲ್ಲಿ ನೆನೆದು, ಅಂಗಳದಲ್ಲಿ ಒಣಗಿ, ಮತ್ತೆ ನೆನೆದು, ಮತ್ತೆ ಒಣಗಿದ ಮೆಣಸಿನಕಾಯಿ ಹಾಲಿನ ಪದಾರ್ಥವೋ, ತರಕಾರಿಯೋ? ವಿಮಾನದಲ್ಲಿ ನಿದ್ದೆಗೆಟ್ಟು ವಾದ ಹೊಂದಿಸಿದೆ. ಈ ಪ್ರಕರಣದಲ್ಲಿ ಮಜ್ಜಿಗೆ ಕರ್ತೃವಲ್ಲ, ಬರಿಯ ಕರಣ. ತನ್ನ ಕೆಲಸ ಮುಗಿಸಿ ಬಿಸಿಲಲ್ಲಿ ಆವಿಯಾಗಿ ಹೋಗಿದೆ. ಇದನ್ನು ವಿಭಕ್ತಿ ತಪ್ಪದ ಹಾಗೆ ಜರ್ಮನ್ನಿಗೂ ತಿರುಗಿಸಿ ಬಾಯಿಪಾಠ ಮಾಡಿಕೊಂಡೆ. ಕಸ್ಟಮ್ಸ್‌ನವನು ನನ್ನ ಪೆಟ್ಟಿಗೆಯ ಮೇಲೊಮ್ಮೆ ಕಣ್ಣು ಹಾಯಿಸಿ, ಆಕಳಿಸಿ, ಹೋಗಿ ಎಂದು ತಲೆಯಾಡಿಸಿದ. ಒಂದೇ ಒಂದು ಪ್ರಶ್ನೆ ಬೇಡವೇ!

ಆಫೀಸಿನಲ್ಲಿ ಒಬ್ಬಳು ಕೇಳಿದಳು, ಸುಳ್ಳು ಹೇಳಬಾರದು: "ರಜೆ ಹೇಗಿತ್ತು?" ಅವಳಿಗೆ ಬೇಕಿದ್ದದ್ದು ಚೆನ್ನಾಗಿತ್ತು ಎಂಬ ಒಂದು ಮಾತು. ನಾನು ಅಜ್ಜಿಯ ಮಂಡಿನೋವಿನಿಂದ ಹಿಡಿದು ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಬರುವಷ್ಟರಲ್ಲಿ ಕಾಫಿ ಯಂತ್ರದ ಬಳಿ ನಾನೂ ಯಂತ್ರವೂ ಮಾತ್ರ ಉಳಿದಿದ್ದೆವು.

ಕೈಕಾಲು ಬೇರೆ ಊರಿನ ಹುಕುಮನ್ನೇ ಪಾಲಿಸುತ್ತಿದ್ದವು. ಸಂಜೆ ಕೆಂಪು ದೀಪವಿದ್ದ ರಸ್ತೆಯನ್ನು ಅಂಗೈ ಅಡ್ಡ ಹಿಡಿದು ದಾಟಿದೆ. ಅಂಗೈ ತೋರಿಸಿ ನಿಲ್ಲಿಸೋಣವೆಂದರೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇರಲಿಲ್ಲ. ನಡೆದು ದಾಟುವವರಿಗೆ ಇದಕ್ಕೆ ದಂಡ ಬರೀ 5 ಯೂರೊ. ಆದರೆ ಆಚೆ ಬದಿಯಲ್ಲಿ ಮೊಮ್ಮಗನ ಕೈಹಿಡಿದು, ಹಸಿರು ದೀಪಕ್ಕೆ ಕಾದು ನಿಂತಿದ್ದ ಅಜ್ಜಿ ನೋಡಿದ ನೋಟಕ್ಕೆ ರಸೀದಿಯೂ ಇಲ್ಲ, ಮೇಲ್ಮನವಿಯೂ ಇಲ್ಲ.

ಇನ್ನು ಹೊಟ್ಟೆ. ಚಳಿಗಾಲದಲ್ಲಿ ಭಾರತಕ್ಕೂ ಇಲ್ಲಿಗೂ ನಾಲ್ಕೂವರೆ ಗಂಟೆ ಅಂತರ. ಅಮೆರಿಕದಲ್ಲಿರುವ ನೆಂಟರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನುಷ್ಯನ ಒಳಗಡಿಯಾರ ಇಪ್ಪತ್ತನಾಲ್ಕು ಗಂಟೆಗಿಂತ ತುಸು ಉದ್ದವಾದ್ದರಿಂದ ಪೂರ್ವಕ್ಕಿಂತ ಪಶ್ಚಿಮದತ್ತ ಹೋದವರು ಬೇಗ ಹೊಂದಿಕೊಳ್ಳುತ್ತಾರೆ ಎಂದು ವಿಜ್ಞಾನಿಗಳೂ ಅವರ ಪರವೇ ನಿಲ್ಲುತ್ತಾರೆ. ನನ್ನ ಹೊಟ್ಟೆ ಯಾರ ಮಾತನ್ನೂ ಕೇಳದೆ ಸಾಗರದ ಎಂಟು ಗಂಟೆಗೆ ಸರಿಯಾಗಿ, ಎಂದರೆ ಇಲ್ಲಿನ ಬೆಳಗಿನ ಜಾವ ಮೂರೂವರೆಗೆ, ತಿಂಡಿ ಎಂದಿತು. ತೆಳ್ಳೇವಿಗೆ ಮಿಕ್ಸಿ ಬೇಕು. ನಮ್ಮ ಕಟ್ಟಡದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ. ಕುಕ್ಕರ್ ಕೂಗುವಂತಿಲ್ಲ, ಸಾಸಿವೆ ಸಿಡಿಯುವುದೂ ಅನುಮಾನ. ಜರ್ಮನಿಯ ಕಾನೂನಿಗೆ ಒಗ್ಗುವ ಮಲೆನಾಡಿನ ತಿಂಡಿ ಒಂದೇ, ಗಂಜಿ. ಗಂಜಿಗೆ ನೆಂಚಿಕೊಳ್ಳಲು ಮಜ್ಜಿಗೆ ಮೆಣಸು.

ಮಜ್ಜಿಗೆ ಮೆಣಸು ಎಣ್ಣೆಗೆ ಬಿದ್ದರೆ ಸದ್ದಿಗಿಂತ ಹೆಚ್ಚು ಘಾಟು ಮಾಡುತ್ತದೆ. ಚಳಿಯೆಂದು ಕಿಟಕಿ ಭದ್ರವಾಗಿ ಹಾಕಿತ್ತು. ಬವೇರಿಯಾದಲ್ಲಿ 2018ರಿಂದ ಹಳೆಯ ಮನೆಗಳಲ್ಲೂ ಮಲಗುವ ಕೋಣೆಗೆ, ಅದರ ಹೊರಗಿನ ಓಣಿಗೆ ಹೊಗೆ ಕಂಡರೆ ಕೂಗುವ ಯಂತ್ರ ಕಡ್ಡಾಯ. ರಾತ್ರಿ ಸದ್ದು ಮಾಡಬಾರದೆಂಬ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಅದು ಕೂಗಿತು. ಗಂಡ ಕೆಮ್ಮುತ್ತಾ ಎದ್ದು, ಕುರ್ಚಿ ಎಳೆದು, ಹತ್ತಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಕರೆಗಂಟೆ.

ಮೇಲಿನ ಮಹಡಿಯ ಹೆಂಗಸು, ಮಲಗುವ ಬಟ್ಟೆಯ ಮೇಲೆ ಚಳಿಕೋಟು. ಮೆಟ್ಟಿಲ ಮೇಲೆ ಎದುರಾದಾಗ ನಮಸ್ಕಾರದಾಚೆಗೆ ಎಂದೂ ಮಾತಾಡಿದವರಲ್ಲ. "ಎಲ್ಲ ಸರಿ ಇದೆಯಾ? ಏನಿದು ವಾಸನೆ? ಈ ಹೊತ್ತಲ್ಲಿ ಯಾಕೆ ಅಡುಗೆ? ಎಲ್ಲಿಗೋ ಹೋಗಿದ್ದಿರಲ್ಲ, ಯಾವಾಗ ಬಂದಿರಿ?" ಒಂದರ ಬೆನ್ನಿಗೊಂದು ಪ್ರಶ್ನೆ! ನನ್ನ ಕಣ್ಣಲ್ಲಿ ನೀರೇ ಬಂತು. ಘಾಟಿಗೆ ಎಂದುಕೊಂಡರು ಪಾಪ.

ಬಿಡಲಿಲ್ಲ. ಒಳಗೆ ಕರೆದು ಕೂರಿಸಿ, ಕಸ್ಟಮ್ಸ್‌ಗೆಂದು ಸಿದ್ಧಮಾಡಿದ್ದ ಭಾಷಣವನ್ನು ಕರ್ತೃ, ಕರಣ, ವಿಭಕ್ತಿ ಸಮೇತ ಒಪ್ಪಿಸಿದೆ. ಅಜ್ಜಿಯ ಮಂಡಿನೋವನ್ನೂ ಸೇರಿಸಿದೆ. ಆಕೆ ಮೆಣಸಿನ ತುದಿ ಕಚ್ಚಿ, ಎರಡು ಲೋಟ ನೀರು ಕುಡಿದು, ಇದು ಖಂಡಿತ ಹಾಲಿನ ಪದಾರ್ಥವಲ್ಲ ಎಂದು ತೀರ್ಪು ಕೊಟ್ಟು ಎದ್ದರು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಪಾಪ, ಅಷ್ಟು ವಿಚಾರಿಸ್ಕೊಂಡಿದಾರೆ, ಅವರಿಗೊಂದು ಬಾಟ್ಲಿ ಅಪ್ಪೆಮಿಡಿ ಕೊಡೇ" ಎಂದಳು. ಕೊಡಲಿಲ್ಲ. ಮುಂದಿನ ಡಿಸೆಂಬರಿನವರೆಗೆ ಬರಬೇಕಾದ ಮಿಡಿಗಳವು, ಮತ್ತೆ ಅಷ್ಟೆಲ್ಲ ಬಳಕೆ ನಮ್ಮಿಬ್ಬರ ನಡುವೆ ಇನ್ನೂ ಆಗಿಲ್ಲ.