ಇಲ್ಲದ ಆಟಕ್ಕೆ ಐದು ಪರ್ಸೆಂಟ್

ಮಾಲೂರಿನಲ್ಲಿ ಬೆಳಗಿನ ರೈಲು ಹತ್ತುವ ಗೇಮ್ ಡೆವಲಪರ್‌ಗಳನ್ನು ಗುರುತಿಸುವುದು ಕಷ್ಟವಲ್ಲ. ಗೇಮ್ ಮಾಡಿರುವುದಿಲ್ಲ. ಯಾವ ಎಂಜಿನ್‌ನಲ್ಲಿ, ಅಂದರೆ ಆಟ ಕಟ್ಟುವ ಯಾವ ತಂತ್ರಾಂಶದಲ್ಲಿ, ಮಾಡಬೇಕೆಂಬ ಜಗಳ ಮಾತ್ರ ವೈಟ್‌ಫೀಲ್ಡ್ ಬಂದರೂ ಮುಗಿದಿರುವುದಿಲ್ಲ.

ಒಬ್ಬನಿಗೆ ಅನ್‌ರಿಯಲ್ ಎಂಜಿನ್ನೇ ಆಗಬೇಕು. ಅವನ ಆಟದಲ್ಲಿ ಕೆಜಿಎಫ್ ಗಣಿಯೊಳಗೆ ಒಂದು ಬೆಕ್ಕು ದಾರಿ ತಪ್ಪುತ್ತದೆ. ಬೆಕ್ಕಿನ ಮೀಸೆಯ ಮೇಲೆ ಹಾಲಿವುಡ್ ಮಟ್ಟದ ಬೆಳಕು ಬೀಳಬೇಕಂತೆ. 2001ರಲ್ಲೇ ಬಾಗಿಲು ಹಾಕಿದ ಗಣಿಯೊಳಗೆ ಬೆಳಕೆಲ್ಲಿಂದ ಬಂತು ಎಂದು ನಾವು ಕೇಳಬಾರದು. ಅವನ 8 ಜಿಬಿ ಲ್ಯಾಪ್‌ಟಾಪು ಎಂಜಿನ್ ತೆರೆಯುವಷ್ಟರಲ್ಲಿ ಮುಳಬಾಗಿಲಿಗೆ ಹೋಗಿ ದೋಸೆ ತಿಂದು ಬರಬಹುದು. ಅವನ ಚಿಂತೆ ಅದಲ್ಲ. "ಗಳಿಕೆ ಹತ್ತು ಲಕ್ಷ ಡಾಲರ್ ದಾಟಿದ್ಮೇಲೆ ಎಂಜಿನ್ ಕಂಪನಿಗೆ ಐದು ಪರ್ಸೆಂಟ್ ಕೊಡ್ಬೇಕಲ್ಲಣ್ಣಾ!" ಬೆಕ್ಕಿಗೆ ಇನ್ನೂ ನಡೆಯಲು ಬರುವುದಿಲ್ಲ.

ಯೂನಿಟಿ ಹಿಡಿದವನ ಗಾಯ ನಿಜವಾದದ್ದು. ಆಟ ಒಂದು ಮಿತಿ ದಾಟಿದರೆ ಆಮೇಲಿನ ಒಂದೊಂದು ಇನ್‌ಸ್ಟಾಲಿಗೂ 20 ಸೆಂಟ್‌ವರೆಗೆ ಶುಲ್ಕ ಎಂದು ಆ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಸಾರಿತು. ಗುಲ್ಲೆದ್ದಿತು. ಮರುತಿಂಗಳೇ ಸಿಇಒ ಹೋದರು, ವರ್ಷ ಕಳೆದ ಮೇಲೆ ಶುಲ್ಕವೂ ಹೋಯಿತು. ಇದನ್ನೆಲ್ಲ ಶ್ರೀನಿವಾಸಪುರದ ಮಾವಿನ ತೋಟದ ತಾತನೊಬ್ಬರಿಗೆ ವಿವರಿಸಿದೆ. ಅವರಿಗೆ ಅಚ್ಚರಿಯೇನೂ ಆಗಲಿಲ್ಲ. "ಮಂಡಿಯವನ ಹತ್ರ ಅಡ್ವಾನ್ಸ್ ತಗೊಂಡ್ಮೇಲೆ ತೂಕಾನೂ ಅವನ್ದೇ, ರೇಟೂ ಅವನ್ದೇ ಕಣಪ್ಪ. ಅದಿರ‍್ಲಿ, ನಿಮ್ಮ ಹುಡುಗ್ರು ಎಷ್ಟು ಟನ್ ಮಾಲು ಹಾಕಿದ್ರು?"

ಮಾಲೇ ಇಲ್ಲ ತಾತ, ಎಂದೆ.

"ಮತ್ಯಾಕಪ್ಪಾ ಅಳ್ತಾವ್ರೆ?"

ಮೂರನೆಯವನು ಗೋಡೋ ಭಕ್ತ. ಅರ್ಜೆಂಟೀನಾದ ಇಬ್ಬರು ಕಟ್ಟಿದ್ದು, 2014ರಿಂದ ಮುಕ್ತ ತಂತ್ರಾಂಶ, ರಾಯಲ್ಟಿಯ ಕಾಟವಿಲ್ಲ. ಉಳಿಯುವ ದುಡ್ಡಿನ ಲೆಕ್ಕ ಅವನ ನಾಲಿಗೆ ತುದಿಯಲ್ಲಿದೆ, ಬರುವ ದುಡ್ಡಿನದು ಸಿಕ್ಕಿಲ್ಲ.

ಇಷ್ಟು ಕೂಗಾಟದಲ್ಲಿ ಯಾರೂ ಕೇಳದ್ದು ಒಂದಿತ್ತು: ಇವುಗಳಲ್ಲಿ ಕನ್ನಡ ಮೂಡುತ್ತದೆಯೇ? ಯೂನಿಟಿಯಲ್ಲಿ ಅಕ್ಷರ ಮೂಡಿಸಲು ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್ ಪ್ರೊಗೆ 'ಶ್ರೀನಿವಾಸಪುರ' ಎಂದು ಕೊಟ್ಟು ನೋಡಿ. ಮೊದಲಕ್ಷರದಲ್ಲೇ ಒತ್ತು ಕೆಳಗಿಳಿಯದೆ ಶ, ರ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ಗೋಡೋ 4ರೊಳಗೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಇರುವುದರಿಂದ ಒತ್ತಕ್ಷರ ತನ್ನ ಜಾಗದಲ್ಲೇ ಕೂರುತ್ತದೆ, ಅನ್‌ರಿಯಲ್‌ನಲ್ಲೂ ಅಷ್ಟೆ. ಎಂಜಿನ್ ಆರಿಸಲು ಇದಕ್ಕಿಂತ ಗಟ್ಟಿ ಕಾರಣ ಬೇಕೆ ಎಂದು ಉತ್ಸಾಹದಿಂದ ಹೇಳಿದೆ. ಮೂವರೂ ಮೊದಲ ಬಾರಿಗೆ ಒಂದಾದರು.

"ಸಾರ್, ಗೇಮು ಇಂಗ್ಲಿಷಲ್ಲೇ."

ಆ ಒಗ್ಗಟ್ಟು ವ್ಯರ್ಥವಾಗಲಿಲ್ಲ. ಕೋಲಾರ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಸಭೆ ಸೇರಿ, ಯಾರ ಎಂಜಿನ್ನೂ ಬೇಡ, ನಮ್ಮದೇ ಒಂದು ಬರೆಯೋಣ ಎಂದು ಸರ್ವಾನುಮತದಿಂದ ತೀರ್ಮಾನಿಸಿದ್ದಾರೆ. ಲೋಗೋ ಸಿದ್ಧವಾಗಿದೆ. ಬರೆಯುವುದು ಸಿ ಪ್ಲಸ್ ಪ್ಲಸ್‌ನಲ್ಲೋ ರಸ್ಟ್‌ನಲ್ಲೋ ಎಂಬ ಬಗ್ಗೆ ಮಾತ್ರ ಇಬ್ಬರ ನಡುವೆ ಮಾತು ನಿಂತಿದೆ. ಮೂರನೆಯವನು ಎರಡರ ಯೂಟ್ಯೂಬ್ ಪಾಠಗಳನ್ನೂ ಸೇವ್ ಮಾಡಿಕೊಂಡಿದ್ದಾನೆ.