ಕಬಡ್ಡಿ ಅಭಿಪ್ರಾಯ: ಬಳಸುವ ಕ್ರಮ

ಕಕ್ಕಿಂಜೆ ಪೇಟೆಯಲ್ಲಿ ಬೆಳಗ್ಗೆ ಚಾ ಕುಡಿಯುವವರ ಬಳಿ ಹಿಂದಿನ ರಾತ್ರಿಯ ಮ್ಯಾಚಿನ ಬಗ್ಗೆ ಒಂದು ಅಭಿಪ್ರಾಯವಾದರೂ ಇರಬೇಕು. ಇಲ್ಲದವರಿಗಾಗಿ ಈ ಕೈಪಿಡಿ. ಇದನ್ನು ಪೂರ್ತಿ ಓದುವ ಮೊದಲು ರೆಫ್ರಿಯನ್ನು ಬೈಯಬಾರದು.

ಚಾಲೂ ಮಾಡುವ ಮುನ್ನ

ಕರೆಂಟು ಇದೆಯೇ ನೋಡಿ. ಪ್ರೊ ಕಬಡ್ಡಿಯ ಹನ್ನೆರಡನೇ ಸೀಸನ್ 2025ರ ಆಗಸ್ಟ್ 29ಕ್ಕೆ ಶುರುವಾಯಿತು. ಆ ತಾರೀಕು ಇಟ್ಟವರು ಚಾರ್ಮಾಡಿ ಘಾಟಿಯ ಬುಡದಲ್ಲಿ ಮಳೆಗಾಲ ಕಳೆದವರಲ್ಲ. ಡೂ ಆರ್ ಡೈ ರೈಡಿಗೆ ಸರಿಯಾಗಿ ಎಲ್ಲೋ ತಂತಿಯ ಮೇಲೆ ಮರ ಬೀಳುತ್ತದೆ. ಆಗ ಮೊಬೈಲಿನಲ್ಲಿ ನೋಡಬಹುದು, ಆದರೆ ಪಕ್ಕದ ಮನೆಯಲ್ಲಿ ಇನ್ವರ್ಟರ್ ಇದ್ದರೆ ಪ್ರಯೋಜನವಿಲ್ಲ: ನಿಮ್ಮ ರೈಡರ್ ಇನ್ನೂ ಗೆರೆ ದಾಟಿರುವುದಿಲ್ಲ, ಅಷ್ಟರಲ್ಲಿ ಅವರ ಮನೆಯಿಂದ ‘ಹೋಯ್ತು’ ಎಂದು ಕೇಳಿರುತ್ತದೆ.

ತಂಡದ ಆಯ್ಕೆ

ಕರ್ನಾಟಕದಲ್ಲಿ ಹುಟ್ಟಿದವರಿಗೆ ಬೆಂಗಳೂರು ಬುಲ್ಸ್ ಮೊದಲೇ ಜೋಡಿಸಿ ಬಂದಿರುತ್ತದೆ. 2019ರ ಜನವರಿ 5ರ ಫೈನಲನ್ನು ಬಾಯಿಪಾಠ ಮಾಡಿಕೊಳ್ಳಿ: ಎದುರಾಳಿ ಗುಜರಾತ್, 38-33, ಪವನ್ ಸೆಹ್ರಾವತ್ ಒಬ್ಬನೇ 22 ಅಂಕ. ಆ ಒಂದು ಕಪ್ಪಿನಲ್ಲೇ ಇಷ್ಟು ವರ್ಷದ ಮಾತು ಸಾಗಿದೆ. 2024ರ ಸೀಸನ್ ಬಗ್ಗೆ ಯಾರಾದರೂ ಕೇಳಿದರೆ ಚಾದ ದುಡ್ಡು ಕೊಟ್ಟು ಎದ್ದುಬಿಡಿ. 22 ಪಂದ್ಯ, ಎರಡೇ ಗೆಲುವು, ಪಟ್ಟಿಯಲ್ಲಿ ಕೊನೆಯ ಸ್ಥಾನ. ಪ್ರದೀಪ್ ನರ್ವಾಲ್‌ನಂಥ ಹೆಸರು ಜರ್ಸಿಯ ಮೇಲಿದ್ದರೆ ಸಾಕು, ಎದುರಿನ ಕಾರ್ನರ್ ತಾನಾಗಿ ಕಾಲು ಬಿಡುತ್ತಾನೆ ಎಂದು ಯಾರೋ ಭಾವಿಸಿದ್ದಿರಬೇಕು.

ಎಚ್ಚರಿಕೆ: ಬುಲ್ಸ್‌ಗೆ ‘ನಮ್ಮ ಹುಡುಗರು’ ಎನ್ನುವ ಮೊದಲು ಅಂಕಣದಲ್ಲಿರುವ ಏಳು ಜನರಲ್ಲಿ ಕನ್ನಡದವರನ್ನು ಎಣಿಸಿ. ಹೆಚ್ಚಿನ ದಿನ ಎಣಿಸಲು ಒಂದು ಕೈಯ ಬೆರಳೂ ಜಾಸ್ತಿ. ಕೋಚ್ ಬಿ.ಸಿ. ರಮೇಶರ ಕಥೆಯೂ ಅಷ್ಟೇ. ನಮ್ಮ ರಾಜ್ಯದವರೇ ಆದ ಅವರು ಬಂಗಾಳಕ್ಕೆ 2019ರಲ್ಲಿ, ಪುಣೆಗೆ 2024ರಲ್ಲಿ ಕಪ್ ಗೆದ್ದುಕೊಟ್ಟರು. ಬುಲ್ಸ್‌ನ ಮುಖ್ಯ ಕೋಚ್ ಆಗಿ ಬಂದದ್ದು ಅದಾದ ಮೇಲೆ, 2025ರಲ್ಲಿ.

ಹಾಗಾಗಿ ಈ ಕೈಪಿಡಿಯ ಶಿಫಾರಸು: ತಂಡದ ಬೆನ್ನು ಬೀಳಬೇಡಿ, ಆಟಗಾರನ ಬೆನ್ನು ಬೀಳಿ. ತಂಡ ಹರಾಜಿನಲ್ಲಿ ಬದಲಾಗುತ್ತದೆ, ಮನುಷ್ಯನ ಊರು ಬದಲಾಗುವುದಿಲ್ಲ. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ 2022ರಲ್ಲಿ ಪಟ್ನಾ ಪೈರೇಟ್ಸ್‌ನ ನಾಯಕನಾಗಿ ಫೈನಲ್ ಆಡಿದರು. ಫೆಬ್ರವರಿ 25ರ ಆ ರಾತ್ರಿ ಗಂಗೆಯ ದಡದ ಆ ತಂಡ ನಮ್ಮದಾಗಬೇಕಿತ್ತು. ಮ್ಯಾಚ್ ನಡೆದದ್ದು ಬೆಂಗಳೂರಿನಲ್ಲೇ, ಆದರೆ ಕೊರೊನಾ ಕಾರಣಕ್ಕೆ ಗ್ಯಾಲರಿ ಖಾಲಿ. ದಬಂಗ್ ದಿಲ್ಲಿ 37, ಪಟ್ನಾ 36. ನಮ್ಮ ಜಿಲ್ಲೆಯಿಂದ ಎರಡು ಬಸ್ ಜನ ಹೋಗಿ ಕೂಗಿದ್ದರೆ ಆ ಒಂದು ಅಂಕ ಎಲ್ಲಿಗೂ ಹೋಗುತ್ತಿರಲಿಲ್ಲ ಎಂಬುದು ನನ್ನ ವಾದ. ಇದಕ್ಕೆ ಪುರಾವೆ ಕೇಳಬಾರದು.

ಕಾಲೇಜು ಮಾದರಿ

ಉಜಿರೆಯ ಎಸ್‌ಡಿಎಂ ಮತ್ತು ಮೂಡುಬಿದಿರೆಯ ಆಳ್ವಾಸ್ ಎದುರಾದಾಗ, ಕಬಡ್ಡಿಯಾಗಲಿ ವಾಲಿಬಾಲಾಗಲಿ, ಬೆಳ್ತಂಗಡಿ ತಾಲೂಕಿನವರು ಉಜಿರೆಯ ಪರ ನಿಲ್ಲಬೇಕು. ಮಗಳು ಆಳ್ವಾಸ್‌ನಲ್ಲಿ ಓದುತ್ತಿದ್ದರೆ ಕೂಗದೆ ಚಪ್ಪಾಳೆ ಮಾತ್ರ ತಟ್ಟಬಹುದು. ‘ಆಳ್ವಾಸ್‌ನವರು ಹೊರಗಿನ ಮಕ್ಕಳನ್ನು ತರ್ತಾರೆ ಮಾರಾಯ್ರೆ’ ಎಂಬುದು ಸೋತ ದಿನದ ಅಭಿಪ್ರಾಯ. ಗೆದ್ದ ದಿನ ಬಳಸಬೇಡಿ. ಕ್ರೀಡಾ ದತ್ತು ಎಂದರೆ ಯಾವುದೋ ಊರಿನ ಬಡವರ ಹುಡುಗಿಗೆ ಊಟ, ಹಾಸ್ಟೆಲ್, ಪದವಿ. ಅದನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ. ಟಿವಿಯ ಲೀಗಿಗಿಂತ ಕಾಲೇಜು ಪಂದ್ಯಾಟವೇ ಮೇಲು ಎಂಬುದು ನನ್ನ ಪಕ್ಷ: ಅಲ್ಲಿ ಜಾಹೀರಾತಿಗೆಂದು ಯಾರೂ ಆಟ ನಿಲ್ಲಿಸುವುದಿಲ್ಲ.

ದೋಷ ನಿವಾರಣೆ

ಪಕ್ಕದವರು ‘ಹೆಂಗಸರ ಕಬಡ್ಡಿ ಯಾರು ನೋಡ್ತಾರೆ?’ ಎಂದರೆ, ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ. 2010 ಮತ್ತು 2014, ಎರಡೂ ಏಷ್ಯನ್ ಗೇಮ್ಸ್‌ನ ಚಿನ್ನ. ಆದರೂ ಮಾತು ನಿಲ್ಲದಿದ್ದರೆ ತಪ್ಪು ಆ ಮನುಷ್ಯನದೊಂದೇ ಅಲ್ಲ. ಲೀಗಿನವರು 2016ರಲ್ಲಿ ಮೂರು ತಂಡ ಕಟ್ಟಿ ಮಹಿಳೆಯರನ್ನು ಒಮ್ಮೆ ಆಡಿಸಿ, ಮರುವರ್ಷ ಕೈಬಿಟ್ಟರು.

ಬೋನಸ್ ಜಗಳ: ಊರಿನ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಇದು ಅತಿ ಸಾಮಾನ್ಯ ದೋಷ. ಎದುರಿಗೆ ಆರೋ ಏಳೋ ಜನರಿರಬೇಕು, ಒಂದು ಕಾಲು ಬೋನಸ್ ಗೆರೆಯ ಆಚೆ ಊರಬೇಕು, ಅದೇ ಹೊತ್ತಿಗೆ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಬಿಟ್ಟಿತ್ತೋ ಇಲ್ಲವೋ ಎಂಬುದು ಟಿವಿಯಲ್ಲಾದರೆ ರಿವ್ಯೂನಲ್ಲಿ ತೀರ್ಮಾನವಾಗುತ್ತದೆ. ಇಲ್ಲಿ ಗೆರೆಯ ಪಕ್ಕ ಕೂತವರಿಗೆ ಬಿಟ್ಟದ್ದು ಕಂಡಿರುತ್ತದೆ, ಆಚೆ ಬದಿಯವರಿಗೆ ಬಿಡದಿರುವುದು ಅಷ್ಟೇ ಸ್ಪಷ್ಟ. ಇಬ್ಬರೂ ಅಂಕಣಕ್ಕೆ ಇಳಿಯುತ್ತಾರೆ. ಮೈಕಿನವರು ‘ದಯವಿಟ್ಟು ಅಂಕಣ ಬಿಟ್ಟುಕೊಡಿ, ಇನ್ನೂ ಸೆಮಿಫೈನಲ್ ಬಾಕಿ ಇದೆ’ ಎನ್ನುತ್ತಲೇ ಇರುತ್ತಾರೆ. ಈ ಹೊತ್ತಿನಲ್ಲಿ ಅಭಿಮಾನಿ ಮಾಡಬೇಕಾದದ್ದು: ಹೋಗಿ ಚರುಮುರಿ ತೆಗೆದುಕೊಂಡು ಬರುವುದು, ಜಗಳಕ್ಕೆ ಎದ್ದವರ ಕುರ್ಚಿಗಳಲ್ಲಿ ಮುಂದಿನ ಸಾಲಿನದನ್ನು ಹಿಡಿಯುವುದು.