ಉತ್ತರಯಂತ್ರ ಪಾಠಸಂರಕ್ಷಣಾ ಮೀಮಾಂಸೆ, ಅಥವಾ ಒಂಬತ್ತನ್ನು ಒತ್ತಿದವನ ಗತಿ

“ಕನ್ನಡಕ್ಕಾಗಿ ಒಂದನ್ನು ಒತ್ತಿ” ಎಂದು ಆರಂಭವಾಗುವ ಉತ್ತರಯಂತ್ರದ (ಕರೆಗೆ ತಾನೇ ಉತ್ತರಿಸುವ ಕಚೇರಿ ಫೋನಿನ) ವಾಙ್ಮಯಕ್ಕೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಒಂದು ಅಡಿಟಿಪ್ಪಣಿಯೂ ದಕ್ಕಿಲ್ಲ. ಕರ್ತೃ ಅಜ್ಞಾತ, ಕಾಲ ವಿವಾದಾಸ್ಪದ, ಪ್ರತಿಗಳು ಹೇರಳ, ಒಂದರಂತೆ ಇನ್ನೊಂದಿಲ್ಲ, ಪೂರ್ತಿ ಕೇಳಿಸಿಕೊಂಡವರು ವಿರಳ. ಮಹಾಕೃತಿಗೆ ಇರಬೇಕಾದ ಲಕ್ಷಣಗಳೆಲ್ಲ ಇದ್ದೂ ಸಂಶೋಧಕರ ಕಣ್ಣು ಇದರ ಮೇಲೆ ಬೀಳದಿರುವುದು ಶೋಚನೀಯ. ಈ ಕೃತಿಯನ್ನು ಉಳಿಸುವುದು (ಸೇವ್), ಏರಿಸುವುದು (ಲೋಡ್), ಕಾಪಿಡುವುದು (ಬ್ಯಾಕಪ್) ಎಂಬ ತ್ರಿವಿಧ ಕರ್ಮಗಳನ್ನು ಸೂತ್ರ-ವೃತ್ತಿ ಸಹಿತ ನಿರೂಪಿಸಿ ಆ ಕೊರತೆಯನ್ನು ಶಾಶ್ವತವಾಗಿ ನೀಗಲಾಗಿದೆ.

ಪೀಠಿಕೆ: ದೇಶಕಾಲ ವಿಚಾರ

ಒತ್ತುಗುಂಡಿಯ ಫೋನು ಸಾರ್ವಜನಿಕರ ಕೈಗೆ ಬಂದದ್ದು 1963ರ ನವೆಂಬರ್ 18ರಂದು, ಅಮೆರಿಕದ ಪೆನ್ಸಿಲ್ವೇನಿಯಾದ ಕಾರ್ನೆಗಿ ಮತ್ತು ಗ್ರೀನ್ಸ್‌ಬರ್ಗ್ ಎಂಬ ಊರುಗಳಲ್ಲಿ. ಒಂದೊಂದು ಗುಂಡಿಯೂ ಎರಡೆರಡು ಸ್ವರಗಳನ್ನು ಏಕಕಾಲಕ್ಕೆ ಹೊರಡಿಸುತ್ತದೆ. ಒಂಬತ್ತನ್ನು ಒತ್ತಿದರೆ 852 ಮತ್ತು 1477 ಹರ್ಟ್ಸ್. ಆದಕಾರಣ, ಗ್ರಾಹಕ ಸೇವೆಗೆ ಕರೆ ಮಾಡಿ ಒಂಬತ್ತನ್ನೇ ಮತ್ತೆ ಮತ್ತೆ ಒತ್ತುತ್ತಿರುವವನು ಸಿಟ್ಟಾಗಿದ್ದಾನೆ ಎಂಬುದು ಲೌಕಿಕರ ತಪ್ಪು ಗ್ರಹಿಕೆ. ಶಾಸ್ತ್ರದೃಷ್ಟಿಯಲ್ಲಿ ಅವನು ಸಂಗೀತಾಭ್ಯಾಸದಲ್ಲಿದ್ದಾನೆ.

ಉತ್ತರಯಂತ್ರಗಳ ಸಂಪ್ರದಾಯಗಳು ಹಲವಿದ್ದರೂ ಪ್ರಕೃತ ಅಧ್ಯಯನ ಆಸ್ಟರಿಸ್ಕ್ ಸಂಪ್ರದಾಯಕ್ಕೆ ಸೀಮಿತ. 1999ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಕ್ ಸ್ಪೆನ್ಸರ್ ಒಂದು ಸಣ್ಣ ಕಂಪನಿ ಶುರುಮಾಡಿದರು. ಅದಕ್ಕೊಂದು ಟೆಲಿಫೋನ್ ಎಕ್ಸ್‌ಚೇಂಜ್ ಬೇಕಾಯಿತು, ಕೊಳ್ಳಲು ದುಡ್ಡಿರಲಿಲ್ಲ, ಆ ಕೆಲಸ ಮಾಡುವ ತಂತ್ರಾಂಶವನ್ನು ತಾವೇ ಬರೆದುಕೊಂಡರು. ಅದೇ ಆಸ್ಟರಿಸ್ಕ್. ಬಡತನವೇ ಶ್ರೇಷ್ಠ ಕೃತಿಯ ತವರು ಎಂಬ ನಮ್ಮ ವಿಮರ್ಶಕರ ನಿಲುವಿಗೆ ಇದಕ್ಕಿಂತ ದೊಡ್ಡ ಪುಷ್ಟಿ ಬೇಕಿಲ್ಲ. ಅದು ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಬಂದದ್ದನ್ನು ಯಾರೂ ಜೋಪಾನ ಮಾಡುವುದಿಲ್ಲವಾದ್ದರಿಂದ ಈ ಮೀಮಾಂಸೆ ಅಗತ್ಯವಾಯಿತು.

ಪ್ರಥಮ ಪ್ರಕರಣ: ಆಕರ ನಿರ್ಣಯ

ಸೂತ್ರಂ: ಇರ್ಪೆಡೆ ನಾಲ್ಕು, ಕಾಣ್ಬೆಡೆಯೊಂದು.

ವೃತ್ತಿ: ಕೃತಿ ಇರುವ ಸ್ಥಾನಗಳು ನಾಲ್ಕು. ಕಚೇರಿಯವರಿಗೆ ಕಾಣುವುದು ಒಂದೇ.

ಒಂದನೆಯದು ಬರಹ. ‘ಎಕ್ಸ್‌ಟೆನ್ಷನ್ಸ್ ಡಾಟ್ ಕಾನ್ಫ್’ ಎಂಬ ಫೈಲಿನಲ್ಲಿ ಯಾವ ಅಂಕೆ ಒತ್ತಿದರೆ ಯಾರಿಗೆ ಗಂಟೆ ಹೊಡೆಯಬೇಕೆಂಬ ವಿಧಿನಿಷೇಧಗಳಿವೆ. ಇಲ್ಲದ ಅಂಕೆ ಒತ್ತಿದವನು ‘ಐ’ ಎಂಬ ಅಕ್ಷರದ ಪಾಲು, ಏನೂ ಒತ್ತದೆ ಕೂತವನು ‘ಟಿ’ ಎಂಬ ಅಕ್ಷರದ ಪಾಲು. ಪಾಪಿಗೂ ಸೋಮಾರಿಗೂ ಪ್ರತ್ಯೇಕ ನರಕ ಕಲ್ಪಿಸಿರುವ ಸೂಕ್ಷ್ಮತೆ ಗಮನಾರ್ಹ. ಎರಡನೆಯದು ಧ್ವನಿ: ರೆಕಾರ್ಡ್ ಮಾಡಿಸಿದ ವಾಕ್ಯಗಳು. ಮೂರನೆಯದು ಭಂಡಾರ, ಅಂದರೆ ಡೇಟಾಬೇಸ್. ಆಸ್ಟರಿಸ್ಕಿನ ಸ್ವಂತ ಭಂಡಾರವು ಹತ್ತನೆಯ ಆವೃತ್ತಿಯಿಂದ ಎಸ್‌ಕ್ಯೂಲೈಟ್ ರೂಪದಲ್ಲಿದೆ. ನಡೆಯುತ್ತಿರುವಾಗಲೇ ನೆನಪಿಡಬೇಕಾದ ಚಿಲ್ಲರೆ ಸಂಗತಿಗಳು ಅಲ್ಲಿಗೆ ಸೇರುತ್ತವೆ. ನಾಲ್ಕನೆಯದು ಸ್ಮೃತಿ, ಅಂದರೆ ಯಂತ್ರದ ರ್‍ಯಾಮ್. ಈ ಗಳಿಗೆಯಲ್ಲಿ ನಿಜಕ್ಕೂ ಮಾತಾಡುತ್ತಿರುವ ಪಾಠ ಅದೊಂದೇ. ಕರೆಂಟು ಹೋದರೆ ಮೊದಲು ಹೋಗುವ ಪಾಠವೂ ಅದೇ.

ಪೂರ್ವಪಕ್ಷ: “ಬರಹವಿದ್ದರೆ ಸಾಕಲ್ಲವೇ? ಧ್ವನಿ ಫೈಲು ಎಷ್ಟು ದೊಡ್ಡದೋ, ಅದನ್ನೂ ಯಾರು ಹೊರುವರು?”

ಖಂಡನ: ಟೆಲಿಫೋನ್ ಧ್ವನಿಯಲ್ಲಿ ಸೆಕೆಂಡಿಗೆ 8000 ಮಾದರಿಗಳು, ಒಂದೊಂದಕ್ಕೆ 2 ಬೈಟು. ಒಂದು ನಿಮಿಷಕ್ಕೆ 9,60,000 ಬೈಟು. ಬೆಳಿಗ್ಗೆದ್ದು ಮನೆಮಂದಿಗೆಲ್ಲ ಕಳಿಸುವ ಗುಲಾಬಿ ಹೂವಿನ ಶುಭೋದಯದ ವಿಡಿಯೊ ಇದಕ್ಕಿಂತ ಭಾರ. ಅಲ್ಲದೆ ತಂತ್ರಾಂಶವನ್ನು ಹತ್ತು ಸಲ ಡೌನ್‌ಲೋಡ್ ಮಾಡಬಹುದು. “ಕಚೇರಿ ವೇಳೆ ಮುಗಿದಿದೆ, ದಯವಿಟ್ಟು ನಾಳೆ ಕರೆ ಮಾಡಿ” ಎಂದು ಕೆಲಸ ಬಿಟ್ಟುಹೋದ ರಿಸೆಪ್ಷನಿಸ್ಟ್ ಅಕ್ಕೋರು ಮೂರು ವರ್ಷದ ಹಿಂದೆ ನುಡಿದ ವಾಕ್ಯ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ಬರಹ ಮಾತ್ರ ಉಳಿದು ಧ್ವನಿ ಹೋದರೆ ಗತಿಯೇನೆಂದರೆ, ‘ಪ್ಲೇಬ್ಯಾಕ್’ ಎಂಬ ಆದೇಶವು ಫೈಲು ಸಿಗದಿದ್ದಾಗ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ಕರೆ ಮಾಡಿದವನಿಗೆ ಕೇಳುವುದು ಮೌನ. ಇದನ್ನು ಅದ್ವೈತಿಗಳು ಮೆಚ್ಚಬಹುದು. ಬಿಲ್ಲು ಕಟ್ಟಲು ಫೋನ್ ಮಾಡಿದವರು ಮೆಚ್ಚುವುದಿಲ್ಲ.

ದ್ವಿತೀಯ ಪ್ರಕರಣ: ಪಾಠಾಂತರ ವಿಚಾರ

ಸೂತ್ರಂ: ಪೆಸರೊಳ್ ಫೈನಲೆನೆ ಮುಗಿದುದಲ್ತು.

ವೃತ್ತಿ: ಹೆಸರಿನಲ್ಲಿ ‘ಫೈನಲ್’ ಇದ್ದ ಮಾತ್ರಕ್ಕೆ ಅದು ಕೊನೆಯ ಪ್ರತಿಯಲ್ಲ.

ಯಾವುದೇ ಸರ್ವರಿನ ಗರ್ಭಗೃಹವನ್ನು ಹೊಕ್ಕರೂ ಈ ಕೆಳಗಿನ ಪ್ರತಿಗಳು ದೊರೆಯುತ್ತವೆ: ಓಲ್ಡ್, ನ್ಯೂ, ನ್ಯೂ2, ಫೈನಲ್, ಫೈನಲ್_ಓಕೆ, ಫೈನಲ್_ಸರ್_ಹೇಳಿದ್ದು, ಮತ್ತು ಬರಿಯ ‘ಎ’. ಇವುಗಳಲ್ಲಿ ‘ಓಲ್ಡ್’ ಎಂಬುದೇ ಎಲ್ಲಕ್ಕಿಂತ ಹೊಸತೆಂದು ಆಂತರಿಕ ಪ್ರಮಾಣಗಳಿಂದ ಸಿದ್ಧವಾಗುತ್ತದೆ. ‘ನ್ಯೂ’ ಕೆಟ್ಟಾಗ ಗಾಬರಿಯಲ್ಲಿ ‘ಓಲ್ಡ್’ ಅನ್ನೇ ತಿದ್ದಿರುತ್ತಾರೆ. ‘ಎ’ ಪ್ರತಿಯ ಬಗ್ಗೆ ವಿದ್ವಾಂಸರು ಮೌನ ವಹಿಸಿದ್ದಾರೆ. ಅಳಿಸುವ ಧೈರ್ಯವಂತೂ ಯಾರಿಗೂ ಇಲ್ಲ.

ಫೈಲಿನ ಮೇಲಿನ ತಾರೀಖಿನಿಂದ ಕಾಲ ನಿರ್ಣಯಿಸೋಣವೆಂದರೆ, ಲಿನಕ್ಸ್‌ನಲ್ಲಿ ‘ಸಿಪಿ’ ಆಜ್ಞೆಗೆ ‘ಪಿ’ ಎಂಬ ಪ್ರತ್ಯಯ ಹಚ್ಚದೆ ನಕಲು ಮಾಡಿದರೆ ನಕಲಿಗೆ ಅಂದಿನ ತಾರೀಖೇ ಬೀಳುತ್ತದೆ. ಹೀಗೆ ಅಜ್ಜನೂ ಮೊಮ್ಮಗನೂ ಒಂದೇ ದಿನ ಹುಟ್ಟಿದಂತಾಗಿ ವಂಶವೃಕ್ಷ ತಲೆಕೆಳಗಾಗುತ್ತದೆ. ಇದಕ್ಕೆ ಪರಿಹಾರ, ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಕೊಟ್ಟ ಗಿಟ್ ಎಂಬ ದಫ್ತರ ಪದ್ಧತಿ. ಯಾರು, ಯಾವಾಗ, ಏನು, ಏಕೆ ಬದಲಿಸಿದರೆಂಬುದು ಅದರಲ್ಲಿ ದಾಖಲಾಗುತ್ತದೆ. ಆದರೆ ‘ಏಕೆ’ ಎಂಬಲ್ಲಿ ಲಿಪಿಕಾರರು ‘ಫಿಕ್ಸ್’, ‘ಫಿಕ್ಸ್2’, ‘ಈಗ ಸರಿ’ ಎಂದು ಬರೆಯುವ ಪರಿಪಾಠವಿರುವುದರಿಂದ ಸಂಶೋಧಕರಿಗೆ ಮುಂದಿನ ನೂರು ವರ್ಷ ಉದ್ಯೋಗಕ್ಕೆ ಚಿಂತೆಯಿಲ್ಲ.

ತೃತೀಯ ಪ್ರಕರಣ: ಶಾಪಾಶಯ

ನಮ್ಮ ದಾನಶಾಸನಗಳ ಕೊನೆಗೆ ಶಾಪಾಶಯವಿರುವುದನ್ನು ಓದುಗರು ಬಲ್ಲರು: ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು ಎಂಬ ಧಾಟಿಯದು. ಉತ್ತರಯಂತ್ರದಲ್ಲಿ ಶಾಪಾಶಯ ತಲೆಯಲ್ಲೇ ಇರುತ್ತದೆ. ಆಸ್ಟರಿಸ್ಕನ್ನು ಮೌಸಿನಿಂದ ಆಳಲು ಫ್ರೀಪಿಬಿಎಕ್ಸ್ ಎಂಬ ಉಪಕರಣವಿದೆ. ಅದು ತಾನೇ ಹುಟ್ಟಿಸಿದ ಫೈಲುಗಳ ನೆತ್ತಿಯ ಮೇಲೆ, ಇದನ್ನು ಕೈಯಿಂದ ತಿದ್ದಬೇಡಿ, ತಿದ್ದಿದ್ದು ಅಳಿದುಹೋಗುತ್ತದೆ ಎಂಬ ಆಶಯದ ಮಾತು ಕೆತ್ತಿರುತ್ತದೆ. ಅಲ್ಲಿ ನಿಜವಾದ ಮೂಲ ಇರುವುದು ಡೇಟಾಬೇಸಿನಲ್ಲಿ. ಫೈಲು ಅದರ ನೆರಳು. ‘ಅಪ್ಲೈ ಕಾನ್ಫಿಗ್’ ಒತ್ತಿದಾಗಲೆಲ್ಲ ನೆರಳು ಹೊಸದಾಗಿ ಬೀಳುತ್ತದೆ. ಸ್ವಂತ ತಿದ್ದುಪಡಿಗೆಂದು ‘ಕಸ್ಟಮ್’ ಎಂಬ ಹೆಸರಿನ ಫೈಲುಗಳನ್ನು ಉಂಬಳಿ ಬಿಟ್ಟಿದ್ದಾರೆ.

ಆದರೂ ವೆಂಡರ್ ಕಡೆಯ ಹುಡುಗ ಅವಸರದಲ್ಲಿ ಬಂದು ನೆರಳನ್ನೇ ತಿದ್ದಿ, “ಆಯ್ತು ಸರ್, ಚೆಕ್ ಮಾಡಿ” ಎಂದು ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಮರುವಾರ ಯಾರೋ ‘ಅಪ್ಲೈ ಕಾನ್ಫಿಗ್’ ಒತ್ತುತ್ತಾರೆ. ಅಕೌಂಟ್ಸ್ ವಿಭಾಗಕ್ಕೆ ಬರಬೇಕಾದ ಕರೆಗಳೆಲ್ಲ ಕ್ಯಾಂಟೀನಿಗೆ ಬರುತ್ತವೆ. ಶಾಸನದ ಶಾಪ ಫಲಿಸಲು ಜನ್ಮಾಂತರ ಬೇಕು, ಈ ಶಾಪಕ್ಕೆ ಒಂದು ಕ್ಲಿಕ್ ಸಾಕು.

ಚತುರ್ಥ ಪ್ರಕರಣ: ಉಳಿಸಿ ಅಳಿಸುವ ವಿರೋಧಾಭಾಸ

ಸೂತ್ರಂ: ಉಳಿಪಲ್ಕಳಿಗುಂ ಟಿಪ್ಪಣಿ.

ವೃತ್ತಿ: ಉಳಿಸಹೋದರೆ ಟಿಪ್ಪಣಿ ಅಳಿಯುತ್ತದೆ.

ಆಸ್ಟರಿಸ್ಕಿನ ಆಜ್ಞಾಫಲಕದಲ್ಲಿ ‘ಡಯಲ್‌ಪ್ಲಾನ್ ಸೇವ್’ ಎಂಬ ಮಂತ್ರವಿದೆ. ಸ್ಮೃತಿಯಲ್ಲಿರುವ ಪಾಠವನ್ನು ಅದು ಫೈಲಿಗೆ ಇಳಿಸುತ್ತದೆ. ಇಳಿಸುವಾಗ ಅರ್ಧವಿರಾಮದ ಚಿಹ್ನೆ ಹಾಕಿ ಬರೆದಿಟ್ಟಿದ್ದ ಟಿಪ್ಪಣಿಗಳನ್ನೆಲ್ಲ ಬಿಟ್ಟುಬಿಡುತ್ತದೆ, ಏಕೆಂದರೆ ಯಂತ್ರ ಅವನ್ನು ಮೊದಲೇ ಓದಿರಲಿಲ್ಲ. ‘ಏಳನ್ನು ಬೇಕೆಂದೇ ಬಿಟ್ಟಿದೆ, ಏಕೆಂದು ಗೋಡೌನಿನವರನ್ನು ಕೇಳಿ’ ಎಂಬ ವಿವೇಕವಾಣಿ ಹೋಗಿ, ಏಳಿಲ್ಲದ ಮೆನು ಮಾತ್ರ ಉಳಿಯುತ್ತದೆ. ಮೂಲ ಉಳಿದು ವ್ಯಾಖ್ಯಾನ ಹೋದ ಕೃತಿ ಪಂಡಿತರಿಗೆ ಹಬ್ಬ, ರಾತ್ರಿ ಪಾಳಿಯ ಅಡ್ಮಿನ್‌ಗೆ ಪ್ರಾಣಸಂಕಟ.

ಪಂಚಮ ಪ್ರಕರಣ: ಆವಾಹನೆ

ಸೂತ್ರಂ: ರೀಲೋಡಿಂ ಪೊಸತಕ್ಕುಂ ಪಾಠಂ, ಕರೆದಂ ನಡುವಿರ್ಕುಂ.

ವೃತ್ತಿ: ರೀಲೋಡ್ ಮಾಡಿದರೆ ಪಾಠ ಹೊಸದಾಗುತ್ತದೆ, ಕರೆ ಮಾಡಿದವನು ನಡುವೆ ಇರುತ್ತಾನೆ.

ಫೈಲನ್ನು ತಿದ್ದಿ ಸೇವ್ ಮಾಡಿದ ಮಾತ್ರಕ್ಕೆ ಯಂತ್ರದ ಬುದ್ಧಿ ಬದಲಾಗದು. ‘ಡಯಲ್‌ಪ್ಲಾನ್ ರೀಲೋಡ್’ ಎಂದು ಆವಾಹಿಸಬೇಕು. ಆಗ ನಡೆಯುತ್ತಿರುವ ಕರೆಗಳು ಕಡಿದುಹೋಗುವುದಿಲ್ಲ. ಮುಂದಿನ ಹೆಜ್ಜೆಯನ್ನು ಹೊಸ ಪಾಠದಲ್ಲಿ ಹುಡುಕಿಕೊಳ್ಳುತ್ತವೆ. ಎಂದರೆ “ದೂರು ಕೊಡಲು ಒಂಬತ್ತು” ಎಂದು ಹಳೆಯ ಪಾಠದಲ್ಲಿ ಕೇಳಿಸಿಕೊಂಡವನು ಒತ್ತುವ ಹೊತ್ತಿಗೆ ಹೊಸ ಪಾಠದಲ್ಲಿ ಒಂಬತ್ತು ಇಲ್ಲವಾಗಿ ‘ಐ’ ನರಕಕ್ಕೆ ಬೀಳಬಹುದು. ಅವನ ಮಟ್ಟಿಗೆ ಇದು ಯುಗಾಂತರ. ಪರಿಹಾರ ಸರಳ: ಕರೆಗಳಿಲ್ಲದ ಹೊತ್ತಿನಲ್ಲಿ ರೀಲೋಡ್ ಮಾಡುವುದು. ಆದರೆ ತಿದ್ದುಪಡಿಗೆ ಮೇಲಿನಿಂದ ಅಪ್ಪಣೆ ಬರುವುದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೇ ಎಂಬುದು ಸರ್ವಶಾಸ್ತ್ರಸಮ್ಮತ.

ಷಷ್ಠ ಪ್ರಕರಣ: ಬ್ಯಾಕಪ್ ಪಂಥಗಳ ಖಂಡನೆ

ಪೆನ್‌ಡ್ರೈವ್ ಪಂಥದವರು ಪ್ರತಿಯನ್ನು ಮ್ಯಾನೇಜರ ಮೇಜಿನ ಡ್ರಾಯರಿನಲ್ಲಿ, ಸ್ಟೇಪ್ಲರ್ ಪಿನ್ನುಗಳ ನಡುವೆ ಪ್ರತಿಷ್ಠಾಪಿಸುತ್ತಾರೆ. ಅದೇ ಡಿಸ್ಕ್ ಪಂಥದವರು ಸರ್ವರಿನ ಬ್ಯಾಕಪ್ಪನ್ನು ಅದೇ ಸರ್ವರಿನಲ್ಲಿಟ್ಟು, ಡಿಸ್ಕ್ ಸತ್ತ ದಿನ ಇಬ್ಬರಿಗೂ ಒಟ್ಟಿಗೆ ತಿಥಿ ಮಾಡುತ್ತಾರೆ. ‘ವೆಂಡರ್ ಹತ್ರ ಇರುತ್ತೆ’ ಪಂಥವು ಭಕ್ತಿಮಾರ್ಗದ್ದು. ಅಲ್ಲಿ ಪ್ರಮಾಣ ಕೇಳುವುದೇ ಅಪರಾಧ. ಇವುಗಳಿಗೆ ವಿರುದ್ಧವಾಗಿ ನಿಲ್ಲುವುದು 3-2-1 ಸಿದ್ಧಾಂತ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಊರಾಚೆ.

ಅಷ್ಟಾದರೂ ಸಾಲದು. ಪ್ರತಿಯನ್ನು ರೂಟ್ ಎಂಬ ಪರಮಾಧಿಕಾರದಲ್ಲಿ ಮರಳಿ ಏರಿಸಿದರೆ ಫೈಲುಗಳ ಒಡೆತನ ರೂಟ್ ಪಾಲಾಗಬಹುದು. ಆಗ ‘ಆಸ್ಟರಿಸ್ಕ್’ ಎಂಬ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ನಡೆಯುವ ಯಂತ್ರ ತನ್ನದೇ ಗ್ರಂಥವನ್ನು ಓದಲಾಗದೆ ನಿಲ್ಲಬಹುದು. ಬರಹ ಇದೆ, ಧ್ವನಿ ಇದೆ, ಭಂಡಾರ ಇದೆ, ಓದುವ ಹಕ್ಕಿಲ್ಲ. ಇಂಥ ದೋಷ ಬ್ಯಾಕಪ್ ಪಟ್ಟಿಯಲ್ಲಿನ ಹಸಿರು ಟಿಕ್ಕಿನಿಂದ ಎಂದೂ ತಿಳಿಯದು. ಆದ್ದರಿಂದ ಅಂತಿಮ ಸೂತ್ರ:

ಸೂತ್ರಂ: ಮರಳಿಸಿ ನೋಡದುದು ಬ್ಯಾಕಪ್ಪಲ್ತು.

ವೃತ್ತಿ: ಒಮ್ಮೆಯೂ ರೀಸ್ಟೋರ್ ಮಾಡಿ ನೋಡದ ಪ್ರತಿ ಬ್ಯಾಕಪ್ ಅಲ್ಲ, ಅದು ಬರಿಯ ನಂಬಿಕೆ.

ನಿಗಮನ

ಓದುಗ ಮಹಾಶಯರು ಯಾವುದಾದರೂ ಕಚೇರಿಯ ಫೋನಿಗೆ ಹೊಣೆಯಾಗಿದ್ದರೆ ಹೀಗೆ ಮಾಡತಕ್ಕದ್ದು. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರೊಂದನ್ನು ಒರೆಸಿ, ಅದರ ಮೇಲೆ ಬರಹ, ಧ್ವನಿ, ಭಂಡಾರ ಮೂರನ್ನೂ ರೀಸ್ಟೋರ್ ಮಾಡಿ, ಒಳಗಿನ ಒಂದು ಫೋನಿನಿಂದ ಕರೆ ಮಾಡಿ, ಒಂದರಿಂದ ಒಂಬತ್ತರವರೆಗೆ ಎಲ್ಲವನ್ನೂ ಒತ್ತಿ ಕೊನೆಯವರೆಗೆ ಕೇಳಬೇಕು. ಸಂಶೋಧನೆಯ ಭಾಷೆಯಲ್ಲಿ ಇದಕ್ಕೆ ಪ್ರಯೋಗಸಿದ್ಧಿ ಎನ್ನುತ್ತಾರೆ. ಸರ್ವರ್ ರೂಮಿನವರು ಶನಿವಾರ ಮಧ್ಯಾಹ್ನದ ಕೆಲಸ ಎನ್ನುತ್ತಾರೆ. ಈ ಪ್ರಬಂಧವನ್ನು ಪೂರ್ತಿ ಓದುವುದಕ್ಕಿಂತ ಅದು ಹೆಚ್ಚು ಉಪಯುಕ್ತ ಎಂಬುದೇ ಪ್ರಬಂಧದ ತೀರ್ಪು.